ಮೌಸ್ ಅವರ ಕೈಯಲ್ಲೇ ಇರಲಿ

ನಿನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು ಇನ್ನೂ ಒಂದು ಮಳೆಗಾಲ ಕಳೆದಿಲ್ಲ, ಆಗಲೇ ಊರಿನ ಕಂಪ್ಯೂಟರುಗಳ ಮೇಲೆಲ್ಲ ನಿನ್ನ ಕಣ್ಣು ಬಿದ್ದಿದೆ ಅಂತ ಕೇಳಿದೆ. ಮೊನ್ನೆ ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತವರನ್ನೂ ಬಿಟ್ಟಿಲ್ಲವಂತೆ. ಪಾಪ, ಅವರು ಹೋಳಿಗೆಗೆ ತುಪ್ಪ ಬರಲಿ ಅಂತ ಕಾಯುತ್ತಿದ್ದರೆ ನೀನು ಕರ್ನೆಲ್ ಬಡಿಸಿದೆ. ನಿನ್ನ ಉತ್ಸಾಹಕ್ಕೆ ನನ್ನ ತಕರಾರಿಲ್ಲ ಮಾರಾಯ. ಒಳ್ಳೆಯದು ಸಿಕ್ಕಾಗ ನಾಲ್ಕು ಜನಕ್ಕೆ ಹೇಳಬೇಕು ಅನ್ನಿಸುವುದು ಒಳ್ಳೆಯ ಮನಸ್ಸಿನ ಲಕ್ಷಣವೇ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ನನ್ನ ಹೆದರಿಕೆ ಅಷ್ಟಕ್ಕೇ.

ಕಾಲವೇನೋ ನಿನ್ನ ಕಡೆಗೇ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಹೆಸರು ನೋಂದಾಯಿಸಿದವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಟ್ಟರು, ಅದು ದೂಡಿದ ದಿನವೇ ಹೊರತು ಪರಿಹಾರ ಅಲ್ಲ. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನದ್ದಾದರೆ ಎಂಟನೇ ತಲೆಮಾರಿನ ಪ್ರೊಸೆಸರೋ ಅದಕ್ಕಿಂತ ಹೊಸತೋ ಬೇಕು, ಟಿಪಿಎಂ 2.0 ಬೇಕು. ನಮ್ಮ ಪೇಟೆಯ ಎಷ್ಟೋ ಮನೆಗಳಲ್ಲಿ ಕೂತಿರುವ ಆರನೇ, ಏಳನೇ ತಲೆಮಾರಿನ ಯಂತ್ರಗಳು ಗಟ್ಟಿಮುಟ್ಟಾಗಿಯೇ ಇವೆ. ಅವನ್ನು ಗುಜರಿಗೆ ಹಾಕು ಅನ್ನುವುದು ನ್ಯಾಯವಲ್ಲ. ಅವಕ್ಕೆ ಲಿನಕ್ಸ್ ಹಾಕಬೇಕೆಂಬ ನಿನ್ನ ಲೆಕ್ಕ ಸರಿಯಾಗಿಯೇ ಇದೆ.

ಆದರೆ ಆ ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಕೂತಿದ್ದಾನಲ್ಲ, ಅವನನ್ನು ನೀನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ನಾನು ಕಂಪ್ಯೂಟರ್ ಓದಿದವನಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ ಹೊಟ್ಟೆ ಹೊರೆದವನು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ಕಾಲದಲ್ಲಿ ಕೋರ್ಟಿನ ಟೈಪಿಸ್ಟರು, ತಾಲ್ಲೂಕು ಕಚೇರಿಯ ಗುಮಾಸ್ತರು ನನ್ನ ಬೆಂಚಿನ ಮೇಲೆ ಕೂತು ಬೆವರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಾಲು ಮುಗಿದ ಕೂಡಲೇ ಅವರ ಎಡಗೈ ತಾನಾಗಿ ಮೇಲೆದ್ದು ಮಾನಿಟರಿನ ಪಕ್ಕದ ಗಾಳಿಯನ್ನು ತಳ್ಳುತ್ತಿತ್ತು. ಕ್ಯಾರೇಜ್ ದೂಡಿ ದೂಡಿ ಬಂದ ಅಭ್ಯಾಸ. ಹುಡುಗರು ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗುತ್ತಿದ್ದರು. ಹಾಗೆ ಬೆವರಿದವರು ದಡ್ಡರಲ್ಲ ಕಣೋ, ಸೀನಿಯರ್ ಪರೀಕ್ಷೆ ಪಾಸಾಗಿ ಕಣ್ಣು ಮುಚ್ಚಿಕೊಂಡು ಹೊಡೆಯುತ್ತಿದ್ದವರು. ತಲೆ ಒಪ್ಪಿದ್ದನ್ನು ಕೈ ಒಪ್ಪಲು ತಿಂಗಳುಗಟ್ಟಲೆ ಬೇಕಾಯಿತು. ನೀನು ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ ಇರಬಹುದು. ಉಳಿದ ತಿಂಗಳುಗಳು ಯಾರ ಪಾಲಿಗೆ ಅಂತ ಯೋಚಿಸಿದ್ದೀಯಾ?

ಮೊದಲು ನಿನ್ನ ಮಾತನ್ನು ತಿದ್ದಿಕೋ. ಬಾಯಿ ತೆರೆದ ಕೂಡಲೇ ‘ಇದು ಫ್ರೀ’ ಅನ್ನಬೇಡ. ನಮ್ಮಲ್ಲಿ ವಿಂಡೋಸಿಗೆ ದುಡ್ಡು ಎಣಿಸಿಕೊಟ್ಟವರು ಎಷ್ಟು ಜನ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅಸೆಂಬಲ್ ಮಾಡಿಕೊಟ್ಟ ಹುಡುಗ ಅದನ್ನೂ ತುಂಬಿಕೊಟ್ಟ, ಆಫೀಸನ್ನೂ ತುಂಬಿಕೊಟ್ಟ, ಆಂಟಿವೈರಸ್ಸಿಗೆ ಮಾತ್ರ ವರ್ಷವರ್ಷ ದುಡ್ಡು ಕೇಳಿದ. ಅಂಥವರಿಗೆ ಫ್ರೀ ಅಂದರೆ ‘ಇದೂ ಫ್ರೀಯೇ ಅಲ್ಲವಾ’ ಅನ್ನುತ್ತಾರೆ. ನಿನ್ನ ಬಾಣ ಅಲ್ಲೇ ಬಿತ್ತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಸಾರಿದ್ದು, 1991ರಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದರ ಹುಡುಗ ಲಿನಸ್ ಟೊರ್ವಾಲ್ಡ್ಸ್ ತನ್ನ ಕರ್ನೆಲ್ಲಿನ ಸುದ್ದಿ ಹೊರಗೆ ಹೇಳಿದ್ದು, ಎಲ್ಲ ಚಂದದ ಕಥೆಯೇ. ನನಗೂ ಇಷ್ಟ. ಅದನ್ನು ಅವರಾಗಿ ಕೇಳಿದ ದಿನಕ್ಕೆ ಎತ್ತಿಡು. ವಿಂಡೋಸನ್ನು ಹೀಗಳೆಯುವ ಚಟವನ್ನೂ ಬಿಡು. ಅದರಲ್ಲೇ ಅವರು ಮಗಳ ಜಾತಕ ಕಳಿಸಿದ್ದು, ಮನೆ ಸಾಲದ ಅರ್ಜಿ ತುಂಬಿದ್ದು. ಅದನ್ನು ಬೈದರೆ ಅವರನ್ನೇ ಬೈದಂತೆ ಕೇಳಿಸುತ್ತದೆ.

‘ಇದಕ್ಕೆ ವೈರಸ್ಸೇ ಬರುವುದಿಲ್ಲ’ ಅಂತ ಎದೆ ತಟ್ಟಿಕೊಳ್ಳುವುದೂ ಬೇಡ. ಕಾಟ ಕಡಿಮೆ, ನಿಜ. ಆದರೆ ಬ್ಯಾಂಕಿನಿಂದ ಅಂತ ಸುಳ್ಳು ಹೇಳಿ ಫೋನ್ ಮಾಡಿ ಓಟಿಪಿ ಕೇಳುವವನಿಗೆ ನಿನ್ನ ಲಿನಕ್ಸೂ ಒಂದೇ, ಅವರ ವಿಂಡೋಸೂ ಒಂದೇ. ಹೇಳುವುದಿದ್ದರೆ ಇಷ್ಟು ಹೇಳು: ‘ಈ ಕಂಪ್ಯೂಟರ್ ಇನ್ನೂ ನಾಲ್ಕೈದು ವರ್ಷ ಓಡುತ್ತದೆ, ಹೊಸದು ಕೊಳ್ಳಬೇಕಾಗಿಲ್ಲ.’ ಅಡಿಕೆ ರೇಟು ನೋಡಿ ಖರ್ಚು ಮಾಡುವ ನಮ್ಮವರಿಗೆ ಈ ಮಾತು ತಟ್ಟುತ್ತದೆ.

ಆಮೇಲೆ ಅವರ ಕಂಪ್ಯೂಟರನ್ನು ನೋಡುವುದಕ್ಕಿಂತ ಮುಂಚೆ ಅವರ ಕೆಲಸ ನೋಡು. ಒಂದು ಮಧ್ಯಾಹ್ನ ಸುಮ್ಮನೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರು. ಅವರು ದಿನಾ ಮಾಡುವುದನ್ನೇ ಮಾಡಲಿ. ಪ್ರಶ್ನೆ ಕೇಳಬೇಡ, ಕೇಳಿದರೆ ‘ಎಂಥದೂ ಇಲ್ಲ, ಬರೀ ಇಂಟರ್ನೆಟ್ಟು’ ಅನ್ನುತ್ತಾರೆ. ನೋಡುತ್ತ ಕೂತರೆ ಗೊತ್ತಾಗುತ್ತದೆ, ಆ ಬರೀ ಇಂಟರ್ನೆಟ್ಟಿನ ನಡುವೆ ಜಮೀನಿನ ಪಹಣಿ ಪ್ರಿಂಟ್ ತೆಗೆಯುವುದಿದೆ, ಸೊಸೈಟಿಯ ಲೆಕ್ಕದ ಎಕ್ಸೆಲ್ ಹಾಳೆಯಿದೆ, ಹಳೇ ಸ್ಕ್ಯಾನರಿದೆ, ಯಾವ ಕಾಲದ್ದೋ ಜಾತಕ ಹಾಕುವ ಸಾಫ್ಟ್‌ವೇರಿದೆ. ಪಹಣಿ, ಬ್ಯಾಂಕು, ಕರೆಂಟ್ ಬಿಲ್ಲು ಬ್ರೌಸರಿನಲ್ಲೇ ನಡೆಯುವಂಥವು, ಅವಕ್ಕೆ ಚಿಂತೆಯಿಲ್ಲ. ಚಿಂತೆ ಮಾಡಬೇಕಾದ್ದು ಉಳಿದದ್ದಕ್ಕೆ.

ಕೆಲವರ ತಂಟೆಗೆ ಹೋಗಲೇಬೇಡ. ಅಡಿಕೆ ಮಂಡಿಯ ಲೆಕ್ಕ ಬರೆಯುವವರು ಟ್ಯಾಲಿಯಲ್ಲಿ ಬದುಕುತ್ತಾರೆ, ಟ್ಯಾಲಿ ವಿಂಡೋಸಿನದ್ದು. ವೈನ್ ಮೂಲಕ ಓಡಿಸಬಹುದು ಅಂತ ನೀನು ಹೇಳುತ್ತೀಯ ಅಂತ ಗೊತ್ತು. ಮಾರ್ಚ್ ಕೊನೆಯ ವಾರ ಅದು ಕೈಕೊಟ್ಟರೆ ಮಂಡಿಯ ಯಜಮಾನರ ಮುಂದೆ ಯಾರು ನಿಲ್ಲುವುದು, ನೀನೋ ವೈನೋ? ಟೆಂಡರ್ ಹಾಕುವ ಗುತ್ತಿಗೆದಾರರು, ಜಿಎಸ್‌ಟಿ ಫೈಲ್ ಮಾಡುವ ಹುಡುಗರು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಟ್ಟುಕೊಂಡಿರುತ್ತಾರೆ. ಅದನ್ನು ಲಿನಕ್ಸಿನಲ್ಲಿ ಮಾತಾಡಿಸುವುದು ತಲೆನೋವು. ಡಿಟಿಪಿ ಅಂಗಡಿಯವರ ಕಥೆ ಇನ್ನೊಂದು. 2001ರ ಆವೃತ್ತಿಗೇ ನಿಂತುಹೋದ ಪೇಜ್‌ಮೇಕರಿನಲ್ಲಿ ಅವರು ಇವತ್ತಿಗೂ ಲಗ್ನಪತ್ರಿಕೆ ಕೂರಿಸುತ್ತಾರೆ. ಸ್ಕ್ರೈಬಸ್ ಇದೆಯಲ್ಲ ಅನ್ನಬೇಡ. ಸಂಜೆ ಆರಕ್ಕೆ ಪ್ಲೇಟಿಗೆ ಕಳಿಸಬೇಕಾದವನಿಗೆ ಹೊಸ ಸಾಫ್ಟ್‌ವೇರ್ ಕಲಿ ಅನ್ನುವುದು ಉಪಕಾರವಲ್ಲ, ಉಪದ್ರ. ಇಂಥವರಿಗೆ ‘ನಿಮಗೆ ಈಗಿರುವುದೇ ಸರಿ’ ಅಂದುಬಿಡು. ಆ ಒಂದು ಮಾತಿನಿಂದ ನಿನ್ನ ಉಳಿದ ಮಾತುಗಳಿಗೆ ಬೆಲೆ ಬರುತ್ತದೆ. ಎಲ್ಲರಿಗೂ ಒಂದೇ ಕಷಾಯ ಕುಡಿಸುವವನನ್ನು ಯಾರೂ ನಂಬುವುದಿಲ್ಲ.

ಇನ್ನು ಕನ್ನಡ ಬರೆಯುವವರು. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳು, ನೀನು ಹೆಚ್ಚು ಎಡವುವುದು ಇಲ್ಲೇ. ನಿವೃತ್ತ ಮೇಷ್ಟರೊಬ್ಬರು ಇದ್ದಾರೆ ಅಂದುಕೋ. ಊರಿನ ಇತಿಹಾಸ, ದೇವಸ್ಥಾನದ ಸ್ಮರಣ ಸಂಚಿಕೆ, ಪತ್ರಿಕೆಗೆ ಕಳಿಸಿದ ಲೇಖನ, ಎಲ್ಲ ಹಳೆಯ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಟ್ಟಿದ್ದಾರೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದಂಥವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ನೀನು ಖುಷಿಯಿಂದ ಲಿನಕ್ಸ್ ಹಾಕಿ ಅವರ ಕಡತ ತೆರೆದೆ ಅನ್ನು, ಅವರ ಅಷ್ಟು ವರ್ಷದ ಬರವಣಿಗೆ ಕಣ್ಣೆದುರೇ ಕಸವಾಗಿ ಕಾಣುತ್ತದೆ. ಕಡತಕ್ಕೇನೂ ಆಗಿಲ್ಲ ಅಂತ ನಿನಗೆ ಗೊತ್ತು. ಅವರ ಎದೆ ಧಸಕ್ ಅನ್ನುವುದು ನಿಲ್ಲುತ್ತದಾ?

ಹಾಗಾಗಿ ಅವರ ವಿಂಡೋಸ್ ಇನ್ನೂ ನೆಟ್ಟಗೆ ಇರುವಾಗಲೇ ಆ ಬರಹಗಳನ್ನು ಯೂನಿಕೋಡಿಗೆ ತಂದಿಡು. ಲಿನಕ್ಸ್ ಹುಟ್ಟಿದ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯೂ ಬಂತು, ಕನ್ನಡಕ್ಕೆ ಅದರಲ್ಲಿ ಆಗಲೇ ಜಾಗ ಇತ್ತು. ನಾವು ಆ ಜಾಗದಲ್ಲಿ ಹೋಗಿ ಕೂರಲು ಹತ್ತಾರು ವರ್ಷ ತೆಗೆದುಕೊಂಡೆವು, ಅದು ಬೇರೆ ಪುರಾಣ. ಪರಿವರ್ತಕಗಳು ಸಿಗುತ್ತವೆ, ಕನ್ನಡದ ಹುಡುಗರೇ ಬರೆದು ಹಂಚಿದ್ದು. ಆದರೆ ಗುಂಡಿ ಒತ್ತಿ ‘ಆಯ್ತು ಸಾರ್’ ಅನ್ನಬೇಡ. ಪ್ರಿಂಟ್ ತೆಗೆದು ಮೇಷ್ಟರ ಜೊತೆ ಕೂತು ಓದು. ಅರ್ಕಾವೊತ್ತು ಎಲ್ಲಿ ಹಾರಿತು, ಒತ್ತಕ್ಷರ ಎಲ್ಲಿ ತಪ್ಪಿತು ಅಂತ ಅವರೇ ಹಿಡಿಯುತ್ತಾರೆ. ಜೀವನಪೂರ್ತಿ ಉತ್ತರ ಪತ್ರಿಕೆ ತಿದ್ದಿದವರು, ಕೆಂಪು ಪೆನ್ನು ಕೊಟ್ಟು ನೋಡು, ಖುಷಿಯೇ ಬೇರೆ. ಆ ಎರಡು ಸಂಜೆಯಲ್ಲಿ ಅವರಿಗೆ ನಿನ್ನ ಮೇಲೆ ಹುಟ್ಟುವ ನಂಬಿಕೆ ಇದೆಯಲ್ಲ, ಮುಂದಿನ ಕೆಲಸಕ್ಕೆಲ್ಲ ಅದೇ ಬಂಡವಾಳ.

ಕೀಲಿಮಣೆಯನ್ನೂ ನೋಡು. ಕೆ.ಪಿ. ರಾವ್ ಅವರು ಹಾಕಿಕೊಟ್ಟ ವಿನ್ಯಾಸವನ್ನೇ ನಮ್ಮ ಕನ್ನಡ ಗಣಕ ಪರಿಷತ್ತಿನವರು ನುಡಿಯಲ್ಲಿ ಕೊಟ್ಟದ್ದು, ಕಗಪ ಅಂತಲೇ ಹೆಸರಾಗಿದೆ. ನುಡಿ ಕಲಿತ ಬೆರಳು ಬೇರೆ ವಿನ್ಯಾಸದಲ್ಲಿ ಒಂದು ಸಾಲನ್ನೂ ನೆಟ್ಟಗೆ ಹೊಡೆಯುವುದಿಲ್ಲ. ಐಬಸ್ಸಿಗೆ ಎಂ17ಎನ್ ಸೇರಿಸಿದರೆ ಕಗಪ ಸಿಗುತ್ತದೆ, ಇನ್‌ಸ್ಕ್ರಿಪ್ಟೂ ಇದೆ, ಬರಹದ ಅಭ್ಯಾಸ ಇರುವವರಿಗೆ ಹತ್ತಿರವಾದ ಐಟ್ರಾನ್ಸೂ ಇದೆ. ವಾಲ್‌ಪೇಪರ್ ಬದಲಾಯಿಸುವ ಮೊದಲು ಇದನ್ನು ಹಾಕು. ಗುಬ್ಬಿ, ನವಿಲು ಫಾಂಟುಗಳನ್ನೂ ಹಾಕಿಡು, ಅಕ್ಷರ ಮುದ್ದಾಗಿ ಕಾಣುತ್ತದೆ. ಅವರ ಹೆಸರನ್ನು ಅವರ ಕೈಯಲ್ಲೇ ಕನ್ನಡದಲ್ಲಿ ಹೊಡೆಸು. ಮೇಷ್ಟರು ಅಲ್ಲಿಗೆ ಅರ್ಧ ನಿನ್ನವರು.

ಮೆನುಗಳನ್ನೂ ಕನ್ನಡ ಮಾಡಿಬಿಡುತ್ತೇನೆ ಅಂತ ಹೊರಡಬೇಡ ಮತ್ತೆ. ಕೇಳಿ ಮಾಡು. ಫೈಲ್, ಎಡಿಟ್, ಸೇವ್ ಎನ್ನುವುದಕ್ಕೇ ಒಗ್ಗಿದವರಿಗೆ ‘ಕಡತ’ ಹುಡುಕುವುದು ಕಷ್ಟ. ಅನುವಾದವೂ ಕೆಲವು ಕಡೆ ಅರ್ಧಕ್ಕೆ ನಿಂತಿದೆ. ಅದು ಯಾರೋ ಸಂಬಳಕ್ಕೆ ಮಾಡಬೇಕಾದ ಕೆಲಸ ಅಂದುಕೊಂಡಿದ್ದೀಯಾ? ನಿನ್ನಂಥವರೇ ಬಿಡುವಿನಲ್ಲಿ ಮಾಡಿದ್ದು, ನಿನ್ನಂಥವರೇ ಬಿಟ್ಟದ್ದು. ಕೈ ತುರಿಸುತ್ತಿದ್ದರೆ ಅಲ್ಲಿ ಹೋಗಿ ಕೂರು.

ಈಗ ಒಂದು ಪರದೇಶದ ಕಥೆ ಹೇಳುತ್ತೇನೆ, ಇದು ನಿನಗೆ ಬೇಕಾದ್ದೇ. ಫ್ರಾನ್ಸಿನಲ್ಲಿ ಜೆಂಡರ್ಮರಿ ಅಂತ ಒಂದು ಪೊಲೀಸ್ ಪಡೆ. ಅವರು ಒಂದೇ ದಿನ ಎಲ್ಲವನ್ನೂ ಕಿತ್ತು ಹಾಕಲಿಲ್ಲ. 2005ರಲ್ಲಿ ವಿಂಡೋಸಿನ ಮೇಲೇ ಓಪನ್ ಆಫೀಸ್ ಕೊಟ್ಟರು. ಮರುವರ್ಷ ಫೈರ್‌ಫಾಕ್ಸ್, ಥಂಡರ್‌ಬರ್ಡ್. ಪೇದೆಗಳ ಕೈ ಅವಕ್ಕೆ ಒಗ್ಗಿದ ಮೇಲೆ 2008ರಿಂದ ಕೆಳಗಿನ ವಿಂಡೋಸನ್ನು ತೆಗೆದು ಉಬುಂಟು ಹಾಕುತ್ತ ಬಂದರು. ಕೂತವರಿಗೆ ಪರದೆಯ ಮೇಲೆ ಕಾಣುವುದು ಹೆಚ್ಚುಕಡಿಮೆ ಮೊದಲಿನದ್ದೇ. ಹಾಗೆ ಎಪ್ಪತ್ತು ಸಾವಿರಕ್ಕೂ ಮಿಕ್ಕ ಕಂಪ್ಯೂಟರುಗಳು ಬದಲಾದವು. ಅತ್ತ ಜರ್ಮನಿಯ ಮ್ಯೂನಿಕ್ ನಗರಸಭೆಯೂ ಹೊರಟಿತ್ತು, 2013ರ ಹೊತ್ತಿಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕಂಪ್ಯೂಟರಿಗೆ ಲಿನಕ್ಸ್ ಹಾಕಿತ್ತು. 2017ರಲ್ಲಿ ವಿಂಡೋಸಿಗೇ ಮರಳುವುದು ಅಂತ ನಗರಸಭೆ ತೀರ್ಮಾನ ಮಾಡಿತು. ಅದರಲ್ಲಿ ರಾಜಕೀಯ ಎಷ್ಟು, ಹೊರಗಿನಿಂದ ಬಂದ ಕಡತ ಸರಿಯಾಗಿ ತೆರೆಯದ ಕಿರಿಕಿರಿ ಎಷ್ಟು ಎಂಬ ಜಗಳ ಇವತ್ತಿಗೂ ಇದೆ. ನನಗೆ ಪೊಲೀಸರ ದಾರಿಯೇ ಸರಿ ಕಾಣುತ್ತದೆ.

ನೀನೂ ಹಾಗೇ ಮಾಡು. ಇವತ್ತು ಅವರ ವಿಂಡೋಸಿಗೇ ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ವಿಎಲ್‌ಸಿ ಹಾಕಿಕೊಟ್ಟು ಬಾ. ಲಿಬ್ರೆ ಆಫೀಸಿನಲ್ಲಿ ಡಾಕ್ಸ್ ರೂಪದಲ್ಲೇ ಉಳಿಯುವಂತೆ ಮಾಡು, ಇಲ್ಲದಿದ್ದರೆ ಅವರು ಕಳಿಸಿದ್ದನ್ನು ಎದುರಿನವರು ತೆರೆಯಲಾಗದೆ ಫೋನ್ ಮಾಡುತ್ತಾರೆ. ಕ್ಯಾಲಿಬ್ರಿಯ ಜಾಗಕ್ಕೆ ಕಾರ್ಲಿಟೋ ಇರಲಿ, ಅಳತೆ ಒಂದೇ ಆದ್ದರಿಂದ ಸಾಲುಗಳು ಜಾರುವುದಿಲ್ಲ. ದೀಪಾವಳಿಗೆ ಹಾಕಿದರೆ ಯುಗಾದಿವರೆಗೆ ಕಾಯಿ. ಅಷ್ಟರಲ್ಲಿ ಅವರು ಅದನ್ನೇ ‘ನಮ್ಮ ವರ್ಡು’ ಅನ್ನತೊಡಗಿದರೆ ಕೆಳಗಿನದ್ದನ್ನು ಬದಲಾಯಿಸುವ ಹೊತ್ತು ಬಂತು ಅಂತ ತಿಳಿ. ಇನ್ನೂ ಹಳೆಯದನ್ನೇ ತೆರೆಯುತ್ತಿದ್ದರೆ ಬಾಯಿ ಮುಚ್ಚಿಕೊಂಡು ಇನ್ನೊಂದು ಸುತ್ತು ಕಾಯಿ.

ಕಂಪ್ಯೂಟರನ್ನೇ ಮುಟ್ಟದವರಿಗೆ ಈ ಪಾಡಿಲ್ಲ, ಬಿಡುವ ಅಭ್ಯಾಸವೇ ಇಲ್ಲವಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಸುಮಾರು ಎರಡು ದಶಕದಿಂದ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿ. ಅವರಿಗೆ ಅದು ಲಿನಕ್ಸ್ ಅಲ್ಲ, ಬರೀ ಕಂಪ್ಯೂಟರ್.

ಯಾವುದನ್ನು ಹಾಕುವುದು? ಒಂದನ್ನು ಆರಿಸು, ಅದರ ಹೆಸರು ಮಾತ್ರ ಹೇಳು. ಉಬುಂಟು ಇದೆ, ಫೆಡೋರಾ ಇದೆ, ಆರ್ಚ್ ಇದೆ ಅಂತ ನೀನು ಶುರು ಮಾಡಿದರೆ ಎದುರಿನವರು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತಾರೆ. ನನ್ನ ಮತ ಲಿನಕ್ಸ್ ಮಿಂಟಿಗೆ. 2006ರಿಂದ ಬರುತ್ತಿದೆ, ದಿಕ್ಕು ತಪ್ಪಿಲ್ಲ. ಪಟ್ಟಿ ಕೆಳಗೆ, ಮೆನು ಎಡ ಮೂಲೆಯಲ್ಲಿ, ಗಡಿಯಾರ ಬಲಕ್ಕೆ; ಕಣ್ಣು ಹುಡುಕುವ ಜಾಗದಲ್ಲೇ ಎಲ್ಲ ಇರುತ್ತದೆ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಸಿನಮನ್, ಅದಕ್ಕೂ ಬಡವಾಗಿದ್ದರೆ ಎಕ್ಸ್‌ಎಫ್‌ಸಿಇ. ಮಿಂಟ್ 22ರ ಸಾಲಿಗೆ 2029ರ ಏಪ್ರಿಲ್ ತನಕ ಅಪ್‌ಡೇಟ್ ಇದೆ. ಹೊಸ ಆವೃತ್ತಿ ಬಂತು ಅಂತ ಆರಾರು ತಿಂಗಳಿಗೆ ಅವರ ಮನೆ ಬಾಗಿಲು ಬಡಿಯಬೇಡ. ನಿನ್ನ ಲ್ಯಾಪ್‌ಟಾಪಿನಲ್ಲಿ ಕಿಟಕಿಗಳು ಜೆಲ್ಲಿಯ ಹಾಗೆ ಅಲುಗಾಡುವುದನ್ನು ನೋಡಿದೆ. ಅದನ್ನು ನೀನೇ ಇಟ್ಟುಕೋ.

ಮತ್ತೆ ಆ ಟರ್ಮಿನಲ್. ಕಪ್ಪು ಪರದೆಯಲ್ಲಿ ಸರಸರ ಬರೆದು ಎಲ್ಲರ ಮುಂದೆ ಬೀಗುವುದು ನಿನಗೆ ಇಷ್ಟ, ಗೊತ್ತು. ನಿನ್ನ ವಯಸ್ಸಿಗೆ ಅದು ಸಹಜವೇ. ಆದರೆ ಅವರಿಗೆ ಕಾಣುವುದೇನು? ‘ಇದು ನಮ್ಮಂಥವರಿಂದ ಆಗುವುದಲ್ಲ.’ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿ, ಗುಂಡಿ ಒತ್ತಿ ಹಾಕು. ಎರಡು ನಿಮಿಷ ಜಾಸ್ತಿ ಹಿಡಿದರೆ ಹಿಡಿಯಲಿ. ಮರುದಿನ ಅವರೇ ಮಾಡಬಹುದಾದ ರೀತಿಯಲ್ಲಿ ಮಾಡಿದರೆ ಮಾತ್ರ ಅದು ಕಲಿಸಿದ್ದು.

ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ತೋರಿಸು. ಒಳಗಿನ ಡಿಸ್ಕಿಗೆ ಏನೂ ಬರೆಯದೆ ಪೂರ್ತಿ ವ್ಯವಸ್ಥೆ ಎದ್ದು ನಿಲ್ಲುತ್ತದೆ, ಇದಕ್ಕಿಂತ ಒಳ್ಳೆಯ ಸೌಕರ್ಯ ಇನ್ನೇನು ಬೇಕು. ಹಿಂದೆ ಉಬುಂಟುವಿನವರು ಬೇಡಿದವರಿಗೆಲ್ಲ ಪುಕ್ಕಟೆ ಸಿಡಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, 2011ಕ್ಕೆ ನಿಲ್ಲಿಸಿದರು. ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೂ ಒಂದು ಇರಲಿ ಅನ್ನುವ ಜಾತಿ ನಮ್ಮದು; ನನ್ನ ಇನ್‌ಸ್ಟಿಟ್ಯೂಟಿನ ಹುಡುಗರು ತರಿಸಿ ತರಿಸಿ ಕೊನೆಗೆ ತೋಟದಲ್ಲಿ ಹಕ್ಕಿ ಓಡಿಸಲು ತೂಗುಹಾಕಿದ್ದೂ ಇದೆ. ಅದಿರಲಿ. ಪೆನ್‌ಡ್ರೈವಿನಿಂದ ಓಡುವಾಗ ನಿಧಾನ ಇರುತ್ತದೆ ಅಂತ ಮೊದಲೇ ಹೇಳು, ಇಲ್ಲದಿದ್ದರೆ ‘ಇದೇನು ಆಮೆ’ ಅಂತಾರೆ. ವೈಫೈ ಸಿಗುತ್ತಾ, ಸದ್ದು ಬರುತ್ತಾ, ಕ್ಯಾಮೆರಾ ಕಾಣುತ್ತಾ, ಮುಚ್ಚಳ ಮುಚ್ಚಿದರೆ ಮಲಗಿ ತೆರೆದರೆ ಏಳುತ್ತಾ ನೋಡು. ವೈಫೈ ಹಠ ಮಾಡಿದರೆ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ನೆಟ್ ಕೊಟ್ಟು ಡ್ರೈವರ್ ತರಿಸಿಕೋ. ಪ್ರಿಂಟರಂತೂ ಅಲ್ಲೇ ಒಂದು ಹಾಳೆ ಉಗುಳಬೇಕು. ಎಚ್‌ಪಿಯವು ಹೆಚ್ಚಾಗಿ ತಕರಾರು ಮಾಡುವುದಿಲ್ಲ, ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಜೀವ ತಿನ್ನುತ್ತವೆ. ವಾಟ್ಸಾಪಿಗೆ ಲಿನಕ್ಸಿನಲ್ಲಿ ಕಂಪನಿಯದೇ ಆ್ಯಪ್ ಇಲ್ಲ, ಬ್ರೌಸರಿನಲ್ಲಿ ತೆರೆಯಬೇಕು. ಮೊಮ್ಮಕ್ಕಳ ಜೊತೆ ಕಂಪ್ಯೂಟರಿನಲ್ಲೇ ಮಾತಾಡುವವರಾದರೆ ಜೂಮ್ ಹಾಕಿ ಒಂದು ಸಲ ಕರೆ ಮಾಡಿಸಿಯೇ ಏಳು.

ಬ್ಯಾಕಪ್ ವಿಷಯದಲ್ಲಿ ನನ್ನ ಮಾತು ಗಡುಸಾಗಿರುತ್ತದೆ. ‘ಎಲ್ಲ ಡಿ ಡ್ರೈವಿನಲ್ಲಿದೆ’ ಅಂತ ಅವರು ಹೇಳಿದರೆ ನಂಬಬೇಡ. ಡೆಸ್ಕ್‌ಟಾಪಿನಲ್ಲಿ ಇರುತ್ತದೆ, ಡೌನ್‌ಲೋಡ್ಸಿನಲ್ಲಿ ಇರುತ್ತದೆ, ‘ನ್ಯೂ ಫೋಲ್ಡರ್ 3’ರ ಒಳಗೆ ತೀರಿಹೋದ ಯಜಮಾನರ ಒಂದೇ ಒಂದು ಫೋಟೋ ಇರುತ್ತದೆ. ಬ್ರೌಸರಿನಲ್ಲಿ ಪಾಸ್‌ವರ್ಡುಗಳು ಇರುತ್ತವೆ, ಅವು ಅವರಿಗೂ ನೆನಪಿರುವುದಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದೆಯಾ ನೋಡು, ಹಾಕಿದ್ದರೆ ಮೊದಲು ಅದರ ಕೀಲಿ ಸಂಖ್ಯೆ ಕಾಗದಕ್ಕೆ ಇಳಿಯಲಿ. ನನ್ನನ್ನು ಕೇಳಿದರೆ ಹಳೆಯ ಡಿಸ್ಕನ್ನು ಮುಟ್ಟಲೇಬೇಡ. ಒಂದು ಸಣ್ಣ ಎಸ್‌ಎಸ್‌ಡಿ ತರಿಸಿ ಅದಕ್ಕೆ ಲಿನಕ್ಸ್ ಹಾಕು, ಹಳೆಯದನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಮೇಲೆ ತಾರೀಕು ಬರೆದು ಅವರ ಕೈಗೇ ಕೊಡು. ಅಲ್ಮೇರಾದಲ್ಲಿ ಇಟ್ಟುಕೊಳ್ಳಲಿ. ಹಳೆ ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂದದ್ದರಿಂದಲೇ ಯಂತ್ರ ಚುರುಕಾಗುತ್ತದೆ, ಆ ಹೆಸರು ಲಿನಕ್ಸಿಗೆ ಬರುತ್ತದೆ. ಬರಲಿ ಬಿಡು, ತಿದ್ದಲು ಹೋಗಬೇಡ.

ಒಂದೇ ಯಂತ್ರದಲ್ಲಿ ಎರಡನ್ನೂ ಇಡಬೇಕಾಗಿ ಬಂದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆರಿಸಿಡು, ಇಲ್ಲದಿದ್ದರೆ ಲಿನಕ್ಸಿನಿಂದ ಆ ಡ್ರೈವಿಗೆ ಬರೆಯಲು ಆಗುವುದಿಲ್ಲ. ಗಡಿಯಾರವನ್ನೂ ನೋಡಿಕೋ. ಇವನ ಲೆಕ್ಕ ಒಂದು, ಅವನ ಲೆಕ್ಕ ಇನ್ನೊಂದು. ವಿಂಡೋಸಿಗೆ ಮರಳಿದಾಗ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ನಿನಗೆ ಅದು ಒಂದು ಸೆಟ್ಟಿಂಗು, ರಾಹುಕಾಲ ನೋಡಿ ಹೊರಡುವವರಿಗೆ ಅನಾಹುತ.

ಇಷ್ಟೆಲ್ಲ ಆದ ಮೇಲೆ ಹಾಕಿದ ದಿನ. ಆ ದಿನ ನಿನ್ನ ಕೆಲಸ ಒಂದೇ, ಕೈ ಕಟ್ಟಿಕೊಂಡು ಕೂರುವುದು. ಇದು ನಿನಗೆ ಆರ್ಚ್ ಹಾಕುವುದಕ್ಕಿಂತ ಕಷ್ಟ. ಮೌಸ್ ಅವರ ಕೈಯಲ್ಲೇ ಇರಲಿ. ಅವರು ಬಾಣವನ್ನು ಪರದೆ ತುಂಬ ಅಲೆದಾಡಿಸುತ್ತಾರೆ, ಎದುರಿಗೇ ಇರುವ ಗುಂಡಿ ಕಾಣುವುದಿಲ್ಲ, ನಿನಗೆ ಮೈ ಪರಚಿಕೊಳ್ಳುವಂತೆ ಆಗುತ್ತದೆ. ಪರಚಿಕೋ, ಮೌಸ್ ಕಸಿಯಬೇಡ. ಮುವ್ವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಕತ್ತಲಲ್ಲೂ ಸಾಸಿವೆ ಡಬ್ಬಿಗೆ ಕೈ ಹಾಕುತ್ತಿದ್ದ ಹೆಂಗಸಿನ ಡಬ್ಬಿಗಳನ್ನೆಲ್ಲ ನೀನು ಆ ಬೆಳಗ್ಗೆ ಜಾಗ ಬದಲಿಸಿಟ್ಟಿದ್ದೀಯ. ಈಗ ಹಿಂದೆ ನಿಂತು ‘ಅಲ್ಲೇ ಇದೆಯಲ್ಲ, ಅಲ್ಲೇ’ ಅಂತ ಕೂಗಿದರೆ ಸೌಟು ಬೀಸುವುದಿಲ್ಲವೇನು? ‘ಸಿಂಪಲ್ಲು’ ಎಂಬ ಮಾತನ್ನು ಆ ಮನೆಯೊಳಗೆ ಆಡಲೇಬೇಡ. ನಿನಗೆ ಸಿಂಪಲ್ಲಾದದ್ದು ತನಗೆ ತಿಳಿಯಲಿಲ್ಲ ಅಂದರೆ ಅವರು ತಮ್ಮನ್ನು ಏನಂದುಕೊಳ್ಳಬೇಕು?

ಹೊರಡುವ ಮೊದಲು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸು. ಸಾಫ್ಟ್‌ವೇರುಗಳ ಹೆಸರಲ್ಲ, ಅವರ ಕೆಲಸಗಳನ್ನು ಬರೆ. ಫೋಟೋ ನೋಡಲು ಹೀಗೆ. ಕಾಗದ ಸ್ಕ್ಯಾನ್ ಮಾಡಿದರೆ ಇಲ್ಲಿ ಹೋಗಿ ಕೂರುತ್ತದೆ. ಪೆನ್‌ಡ್ರೈವ್ ಕೀಳುವ ಮೊದಲು ಇದನ್ನು ಒತ್ತಿ. ಪಾಸ್‌ವರ್ಡ್ ಅವರೇ ಇಡಲಿ, ಅವರ ಡೈರಿಯಲ್ಲಿ ಅವರೇ ಬರೆದುಕೊಳ್ಳಲಿ. ನಿನ್ನ ಕೈಯಲ್ಲಿ ಕೀಲಿ ಇಟ್ಟುಕೊಂಡು ದೊಡ್ಡ ಮನುಷ್ಯ ಆಗುವ ಆಸೆ ಬೇಡ. ಅವರಿಗೆ ಹೇಳದೆ ದೂರದಿಂದ ಕಂಪ್ಯೂಟರಿನೊಳಗೆ ಇಣುಕುವ ವ್ಯವಸ್ಥೆ ಮಾಡಿಟ್ಟರೆ ನನ್ನ ಕೈಯಲ್ಲಿ ಬೈಸಿಕೊಳ್ಳುತ್ತೀಯ. ಟೈಮ್‌ಶಿಫ್ಟ್ ಚಾಲೂ ಮಾಡಿಡು, ಅಪ್‌ಡೇಟ್ ಏನಾದರೂ ಎಡವಟ್ಟು ಮಾಡಿದರೆ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಹುದು. ಅದು ಅವರ ಫೋಟೋಗಳನ್ನು ಕಾಪಾಡುವುದಿಲ್ಲ ಎಂಬುದೂ ನೆನಪಿರಲಿ, ಅದಕ್ಕೆ ಬೇರೆ ಬ್ಯಾಕಪ್ಪೇ ಬೇಕು.

ಆಮೇಲೆ ಫೋನ್ ಬರುತ್ತದೆ. ಕರೆಂಟ್ ಹೋಗಿ ಮಾನಿಟರ್ ಆರಿದರೂ ‘ನಿನ್ನ ಲಿನಕ್ಸು’ ಅನ್ನುತ್ತಾರೆ. ಪ್ರಿಂಟರಿನಲ್ಲಿ ಹಾಳೆ ಮುಗಿದರೂ ಅದೇ ಮಾತು. ಮೊದಲ ತಿಂಗಳು ಎಲ್ಲ ದೂರೂ ನಿನ್ನದೇ ಅಂತ ಒಪ್ಪಿಕೋ. ನಿನಗೆ ಪರೀಕ್ಷೆ ಇದ್ದರೆ, ಬೆಂಗಳೂರಿಗೆ ಕೆಲಸಕ್ಕೆ ಹೊರಡುವುದಿದ್ದರೆ ಆ ತಿಂಗಳು ಯಾರ ಮನೆಯಲ್ಲೂ ಶುರು ಮಾಡಬೇಡ. ಹಾಕಿ ಊರು ಬಿಟ್ಟವನ ಹೆಸರು ಆ ಮನೆಯಲ್ಲಿ ಬಹಳ ವರ್ಷ ಉಳಿಯುತ್ತದೆ, ಒಳ್ಳೆಯ ರೀತಿಯಲ್ಲಿ ಅಲ್ಲ.

ಒಬ್ಬಿಬ್ಬರು ‘ನಮಗೆ ಮೊದಲಿನದ್ದೇ ಆಗಬಹುದಪ್ಪ’ ಅನ್ನುತ್ತಾರೆ. ಮುಖ ಗಂಟಿಕ್ಕಬೇಡ, ವಾದಕ್ಕೆ ಇಳಿಯಬೇಡ. ಅಲ್ಮೇರಾದಲ್ಲಿ ಡಿಸ್ಕ್ ಇದೆಯಲ್ಲ, ಎರಡು ಸ್ಕ್ರೂ ಬಿಚ್ಚಿ ವಾಪಸ್ ಹಾಕಿಕೊಡು. ಈ ನಡುವೆ ಬರೆದದ್ದನ್ನೆಲ್ಲ ಅದಕ್ಕೆ ದಾಟಿಸು. ಫೈರ್‌ಫಾಕ್ಸೂ ಲಿಬ್ರೆ ಆಫೀಸೂ ಅದರಲ್ಲಿ ಮೊದಲೇ ಇವೆ. ವಿಂಡೋಸ್ 10ರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ ಅಂತ ಒಂದು ಮಾತು ಹೇಳು, ಸಾಕು.

ಮೊದಲು ಯಾರಿಂದ ಶುರು ಮಾಡಲಿ ಅಂತ ಕೇಳುತ್ತೀಯ. ನಿನ್ನ ದೊಡ್ಡಮ್ಮನಿಂದ ಮಾಡು. ಅವಳಿಗೆ ಬೇಕಾದ್ದು ಯೂಟ್ಯೂಬಿನಲ್ಲಿ ಯಕ್ಷಗಾನ, ಮೊಮ್ಮಗಳ ಜೊತೆ ವಿಡಿಯೋ ಮಾತು, ಕರೆಂಟ್ ಬಿಲ್ಲು, ಅಷ್ಟೇ. ಎಕ್ಸೆಲ್ಲಿಲ್ಲ, ಟ್ಯಾಲಿಯಿಲ್ಲ. ಮೇಲಾಗಿ ಉಳಿದವರು ಸಂಕೋಚಕ್ಕೆ ‘ಚೆನ್ನಾಗಿದೆ’ ಅಂದು, ನೀನು ಗೇಟು ದಾಟಿದ ಮೇಲೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿಡುತ್ತಾರೆ. ಅವಳು ಹಾಗಲ್ಲ, ಸರಿಯಿಲ್ಲದಿದ್ದರೆ ಮುಖಕ್ಕೇ ಬೈಯುತ್ತಾಳೆ. ಬೈಸಿಕೊಂಡದ್ದನ್ನು ಬರೆದುಕೊಂಡು ಬಂದು ನನಗೆ ತೋರಿಸು. ಭಾನುವಾರ ಬೇಡ, ತಾಳಮದ್ದಳೆಗೆ ಹೋಗುತ್ತಾಳೆ. ಶನಿವಾರ ಮಧ್ಯಾಹ್ನ ಊಟ ಆದಮೇಲೆ ಹೋಗು, ಮಳೆ ಹಿಡಿದು ಕರೆಂಟ್ ಹೋಗುವುದರೊಳಗೆ.